ಹಳ್ಳದಾಚೆಯ ನಲವತ್ತೊಂದು ಹೆಸರುಗಳು

ಕಳೆದ ವಿಧಾನಸಭಾ ಚುನಾವಣೆಯ ಹಿಂದಿನ ವರ್ಷ ನಾನು ಗುಂಡ್ಲುಪೇಟೆಯ ಅಂಚಿನ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಜೊತೆಗೆ ಬಿ.ಎಲ್.ಓ., ಅಂದರೆ ಒಂದು ಮತಗಟ್ಟೆಯ ಮತದಾರರ ಪಟ್ಟಿಯನ್ನು ಮನೆಮನೆಗೆ ಹೋಗಿ ಪರಿಶೀಲಿಸುವ ಕೆಲಸ. ಆ ಸಲದ ಪರಿಷ್ಕರಣೆ ಶುರುವಾದಾಗ ನನ್ನ ಗಂಡ ತೀರಿಕೊಂಡು ಒಂದು ತಿಂಗಳಾಗಿತ್ತು. ಹೆಸರು ತೆಗೆಸುವ ಫಾರಂ ಅನ್ನು, ಮರಣ ಪ್ರಮಾಣಪತ್ರ ಲಗತ್ತಿಸಿ, ಮೊದಲು ತುಂಬಿದ್ದು ಅವರದೇ.

ನನ್ನ ಮತಗಟ್ಟೆಗೆ ಮೂರು ಭಾಗ. ಹೆದ್ದಾರಿ ಪಕ್ಕದ ಈರುಳ್ಳಿ ಮಂಡಿಯವರ ಬೀದಿ ಒಂದು ಪಕ್ಷದ ಕಡೆ. ಹಳ್ಳದಾಚೆಯ ಕೂಲಿಕಾರರ ಬೀದಿ ಇನ್ನೊಂದರ ಕಡೆ. ನಡುವಿನ ಹೊಸ ಬಡಾವಣೆಯ ಸಂಬಳದವರು ಯಾರ ಕಡೆ ಎಂಬುದು ಅವರಿಗೇ ಕೊನೆಯವರೆಗೂ ಗೊತ್ತಿರುತ್ತಿರಲಿಲ್ಲ. ಇದನ್ನೆಲ್ಲ ನನಗೆ ಪಾಠದಂತೆ ಒಪ್ಪಿಸಿದವನು ಮಂಡಿಯವರ ಪಕ್ಷದ ಏಜೆಂಟ್ ನಾಗಪ್ಪ. ಒಪ್ಪಿಸಿ, ನಲವತ್ತೊಂದು ಫಾರಂಗಳ ಕಟ್ಟೊಂದನ್ನು ಮೇಜಿನ ಮೇಲಿಟ್ಟ. ಎಲ್ಲವೂ ಹಳ್ಳದಾಚೆಯವರ ಹೆಸರು ತೆಗೆಯಲು. ಕಾರಣ ಒಂದೇ: ಊರು ಬಿಟ್ಟಿದ್ದಾರೆ.

“ವೈನಾಡಲ್ಲಿ ಶುಂಠಿ ಕೀಳ್ತಾವ್ರೆ ಮೇಡಂ. ಮನೆಗೆಲ್ಲ ಬೀಗ. ನೀವೇ ಓಗಿ ನೋಡ್ಕೊಂಡು ರುಜು ಆಕ್ಬುಡಿ.”

ಹೋದೆ. ಬೀಗಗಳೇ ಇದ್ದವು. ಆ ದಿನಗಳಲ್ಲಿ ನನಗೆ ಯಾರೊಡನೆಯೂ ಮಾತು ಬೇಕಿರಲಿಲ್ಲ. ಬೀಗ ಕಂಡರೆ ಸಮಾಧಾನವೇ ಆಗುತ್ತಿತ್ತು. ಕಟ್ಟಿನ ಮೊದಲ ಏಳು ಫಾರಂಗಳಿಗೆ ‘ಪರಿಶೀಲಿಸಿದೆ, ಸರಿ’ ಎಂದು ಬರೆದೂಬಿಟ್ಟೆ.

ಕೊನೆಯ ಮನೆಯ ಜಗಲಿಯಿಂದ ಪುಟ್ಟಮ್ಮ ಎಂಬ ಮುದುಕಿ ಕೂಗಿದಳು. “ಏನವ್ವ ಬರ್ಕತಿದ್ದೀಯೆ?” ಹೇಳಿದೆ. ಆಕೆ ನಕ್ಕು, ಒಳಗೆ ಕರೆದು ಗೋಡೆಯ ಮೊಳೆ ತೋರಿಸಿದಳು. ಒಂದೇ ದಾರದಲ್ಲಿ ಬೀದಿಯ ಬೀಗದ ಕೈಗಳೆಲ್ಲ ತೂಗುತ್ತಿದ್ದವು.

“ಊರ್ ಬುಟ್ಟೋಗೋರು ಬೀಗದ್‌ಕೈ ನನ್ ಕೈಗ್ಯಾಕ್ ಕೊಟ್ಟಾರು ಕಣವ್ವ? ಅವ್ರ ಕೋಳಿನೂ ನಾನೇ ಕಾಯ್ತಿವ್ನಿ, ನಾನೇನು ಸರ್ಕಾರಿ ನೌಕ್ರಿಯೋಳಾ? ಶನಿವಾರ ಬಸ್ಸಿಳೀತಾರೆ, ಬಂದ್ ನೋಡು.”

ಶನಿವಾರ ಸಂಜೆ ಹೋದೆ. ಬಸ್ಸಿಳಿದವರು ಒಬ್ಬೊಬ್ಬರೇ ಬಂದು ತಂತಮ್ಮ ಬೀಗದ ಕೈ ತೆಗೆದುಕೊಂಡರು. ಶನಿವಾರ, ಭಾನುವಾರ ಸೇರಿ ನಲವತ್ತೊಂದು ಮಂದಿಯನ್ನೂ ಕಂಡು ರುಜು, ಹೆಬ್ಬೆಟ್ಟು ಪಡೆದೆ. ಏಳು ಫಾರಂಗಳ ಮೇಲಿನ ನನ್ನ ಬರಹವನ್ನು ಹೊಡೆದುಹಾಕಿ, ‘ನನ್ನ ತಪ್ಪು’ ಎಂದು ಬರೆದು ರುಜು ಹಾಕಿದೆ.

ಆ ಫಾರಂಗಳ ಬಗ್ಗೆ ತಾಲ್ಲೂಕು ಕಚೇರಿಯಲ್ಲಿ ನಡೆದ ವಿಚಾರಣೆಯಲ್ಲಿ ನಾಗಪ್ಪ ಅದನ್ನೇ ಎತ್ತಿ ತೋರಿಸಿದ. “ಒಂದ್ಸಲ ಸರಿ ಅಂತಾರೆ, ಒಂದ್ಸಲ ತಪ್ಪು ಅಂತಾರೆ. ಯಜಮಾನ್ರು ತೀರೋದ್ಮೇಲೆ ಮೇಡಂಗೆ ತಲೆ ನಿಂತಿಲ್ಲ ಸಾರ್.”

ಅಧಿಕಾರಿ ನನ್ನತ್ತ ನೋಡಿದರು. ಇಷ್ಟೇ ಹೇಳಿದೆ: “ನಮ್ಮ ಯಜಮಾನ್ರ ಹೆಸರನ್ನ ನಾನೇ ತೆಗೆಸಿದ್ದೀನಿ ಸರ್. ಇಲ್ಲದವರು ಅಂದ್ರೆ ಯಾರು ಅಂತ ನನಗೆ ಗೊತ್ತು. ಇವರೆಲ್ಲ ಇದ್ದಾರೆ.”

ನಲವತ್ತೊಂದು ಹೆಸರುಗಳೂ ಉಳಿದವು. ಅವರು ಯಾರಿಗೆ ಓಟು ಹಾಕಿದರೆಂದು ನಾನು ಕೇಳಲಿಲ್ಲ, ಅದು ನನ್ನ ಕೆಲಸವಲ್ಲ. ಬೀಗ ನೋಡಿ ಬರೆಯಬಾರದು, ಆಳನ್ನು ಕಂಡು ಬರೆಯಬೇಕು. ಈ ಕೆಲಸ ನನಗೆ ಕಲಿಸಿದ್ದು ಇದನ್ನೇ.

ಪಟ್ಟಿಯಲ್ಲಿ ನನ್ನ ಗಂಡನ ಸಾಲು ಈಗಿಲ್ಲ. ಆದರೆ ನನ್ನ ಸಾಲಿನಲ್ಲಿ ‘ಗಂಡನ ಹೆಸರು’ ಎಂಬಲ್ಲಿ ಅವರಿದ್ದಾರೆ. ಅಲ್ಲಿಂದ ಅವರನ್ನು ತೆಗೆಸಲು ಯಾವ ನಾಗಪ್ಪನೂ ಫಾರಂ ತರಲಾರ.