ಕೌದಿಯ ಹೊಟ್ಟೆ

ನಿನ್ನೆ ಬಿಸಿಲಿಗೆ ಹಾಕಲೆಂದು ಹಳೆಯ ಕೌದಿ ಕೊಡವಿದೆ ನೋಡಿ, ಬಿಳಿ ಹೊಲಿಗೆಯ ನಡುವೆ ಅಂಗೈಯಗಲ ಜಾಗದಲ್ಲಿ ಸೊಟ್ಟಪಟ್ಟ ಕೆಂಪು ದಾರ ಕಂಡಿತು. ಗುಳಿಗೆ ನುಂಗಿದರೂ ನಿದ್ದೆಯಿಲ್ಲವೆಂದು ಊರಿಗೆಲ್ಲ ಸಾರುವ ನನಗೆ, ನಿದ್ದೆಯೇ ಮುಗಿಯದಿದ್ದ ಒಬ್ಬ ಹುಡುಗಿ ನೆನಪಾದಳು.

ಗಜೇಂದ್ರಗಡದಲ್ಲಿ ನನ್ನ ಸೋದರತ್ತೆ ಹಳೆಯ ಸೀರೆಗಳನ್ನು ಪದರ ಹಾಕಿ, ಹೊದೆಯುವ ಕೌದಿ ಹೊಲಿಯುತ್ತಿದ್ದಳು. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ಮಕ್ಕಳಿಲ್ಲದ ಆಕೆ ಬಾಲಮಂದಿರದಿಂದ ರೇಣವ್ವನನ್ನು ಸಾಕಲು ಕರೆತಂದಳು. ತಾಯಿ ಸತ್ತ ಮೇಲೆ ಹುಡುಗಿ ಕಿರುಚುತ್ತಿದ್ದಳಂತೆ, ಕೈಗೆ ಸಿಕ್ಕ ಬಟ್ಟೆ ಹರಿಯುತ್ತಿದ್ದಳಂತೆ. ಅದಕ್ಕೆಂದು ಶುರುವಾದ ಗುಳಿಗೆಗಳು ಹಾಗೇ ನಡೆದುಬಂದಿದ್ದವು. ಉಣ್ಣುವ ತಾಟಿನ ಮುಂದೆಯೇ ತೂಕಡಿಸುವಳು.

ಅತ್ತೆ ಸುಮ್ಮನಿರುವ ಪೈಕಿಯಲ್ಲ. ಧಾರವಾಡದ ಡಾಕ್ಟರ ಮುಂದೆ ಹೋಗಿ ಕೂತಳು. "ಕೂಸು ಕಣ್ಣ ತೆರಿವಲ್ದರಿ. ಇಷ್ಟ ಗುಳಿಗಿ ಬೇಕನ್ರಿ?"

"ಒಮ್ಮಿಗೇ ಬಿಡಸಬ್ಯಾಡ್ರಿ. ನಾ ಹೇಳಿದಂಗ ಸಾವಕಾಶ ಕಡಿಮಿ ಮಾಡೋಣು. ಮತ್ತ ಹರಿಯೂದು ಶುರು ಆದ್ರ ಲಗೂ ಬರ್ರಿ, ಹಳೇ ಅಳತಿಗೇ ಹೋಗಬೇಕಾದೀತು" ಎಂದರು ಡಾಕ್ಟರು. ಅಂದಿನಿಂದ ಅತ್ತೆಗೆ ಅದೊಂದೇ ಹೆದರಿಕೆ.

ಗುಳಿಗೆ ಅರ್ಧಕ್ಕಿಳಿದಾಗ ನನ್ನ ಕೂಸಿನ ಕೌದಿ ಒಯ್ಯಲು ಹೋದೆ. ನಾನು ಸದಾ ಕುದುರೆ ಮೇಲೆ ಬಂದವಳು. ಬಸ್ಸು ತಪ್ಪೀತೆಂದು ಗಡಿಬಿಡಿ ಮಾಡಿದೆ. ಅತ್ತೆ ನಡುವಿನ ಚೌಕ ಹೊಲಿದು ಮುಗಿಸಿ, ಚಹಾ ಮಾಡಲು ಒಳಗೆ ಹೋದದ್ದೇ ತಡ, ಚರ್ ಎಂದು ಸದ್ದು. ರೇಣವ್ವ ಕೌದಿಯ ಹೊಲಿಗೆ ಹರಿಯುತ್ತಿದ್ದಳು.

"ಅತ್ತೀ, ಮತ್ತ ಶುರು ಆತು! ಗುಳಿಗಿ ಎಲ್ಲೈತಿ?" ಎಂದು ಹೌಹಾರಿದೆ. ನನ್ನ ಧೈರ್ಯ ಅಷ್ಟರದೇ.

ಅತ್ತೆ ಓಡಿಬಂದು ಹುಡುಗಿಯ ಮಗ್ಗುಲಿಗೆ ಕೂತಳು. "ಯಾಕವ್ವಾ, ಯಾಕ ಹರದಿ?"

"ಹೊಟ್ಟಿ ಖಾಲಿ ಬಿಟ್ಟೀಯಲ್ಲಬೇ! ನಮ್ಮವ್ವ ರೊಟ್ಟಿ ಇಡತಿದ್ಲು. ಹಸದ ಕೌದಿ ಹೊಚಗೊಂಡ್ರ ಕೂಸಿಗೆ ನಿದ್ದಿ ಹ್ಯಾಂಗ ಬರ್ತೈತಿ?"

ಕೌದಿ ಮುಗಿಸುವಾಗ ಅದರ ಹೊಟ್ಟೆಗೆಂದು ನಡುವಿನ ಚೌಕದೊಳಗೆ ರೊಟ್ಟಿ ಚೂರಿಟ್ಟು ಹೊಲಿಯುವುದು ನಮ್ಮ ಪದ್ಧತಿ. ನನ್ನ ಅವಸರದಲ್ಲಿ ಅತ್ತೆ ಅದನ್ನು ಮರೆತಿದ್ದಳು. ಆ ಮನೆಗೆ ಬಂದ ಮೇಲೆ ರೇಣವ್ವ ತಾಯಿಯ ಮಾತೆತ್ತಿದ್ದು ಅದೇ ಮೊದಲು.

ಅತ್ತೆಯ ಕಣ್ಣು ತುಂಬಿ ಬಂತು. "ಇದಕ್ಯಾವ ಗುಳಿಗಿ ಕೊಡ್ಲೇ?" ಎಂದು ನನ್ನನ್ನು ಗದರಿಸಿ, ರೊಟ್ಟಿ ಬುಟ್ಟಿಯನ್ನೂ ಸೂಜಿಯನ್ನೂ ಹುಡುಗಿಯ ಮುಂದಿಟ್ಟಳು. ನನ್ನ ಬಸ್ಸಂತೂ ಹೋಯಿತು. ಗುಳಿಗೆಗಳು ಡಾಕ್ಟರು ಹೇಳಿದ ಹಾಗೆ ಇಳಿಯುತ್ತ ಇಳಿಯುತ್ತ ಕೊನೆಗೆ ನಿಂತೇ ಹೋದವು.

ಆ ಕೆಂಪು ದಾರ ರೇಣವ್ವನದು. ಹೋದ ವಾರ ಫೋನು ಮಾಡಿದ್ದಳು: "ಅಕ್ಕಾ, ಹಳೇ ಸೀರಿ ಇದ್ರ ತಗದಿಡು. ಮಗಳಿಗೆ ಕೌದಿ ಹೊಲಿಯೂದು ಕಲಿಸಾಕತ್ತೀನಿ." ಎಂಥ ಗಟ್ಟಿ ದನಿ! ಕೇಳಿ ಎಷ್ಟು ಸಂತೋಷವಾಯಿತೆಂದರೆ, ಉಡುವ ಸೀರೆಯನ್ನೂ ಒಂದು ಸೇರಿಸಿಟ್ಟಿದ್ದೇನೆ. ನಾಳೆ ನನ್ನ ಡಾಕ್ಟರ ಮುಂದೆ ನಾನೂ ಹೋಗಿ ಕೂರುವವಳಿದ್ದೇನೆ. ಕೇಳುವ ಮಾತು ಅತ್ತೆಯದೇ: "ಇಷ್ಟ ಗುಳಿಗಿ ಬೇಕನ್ರಿ?"