ಸೋದರಮಾವನ ಮಾರಿ ಮ್ಯಾಲಿನ ಮಬ್ಬು

ನೇಸರಗಿಯವರು ಮೊಬೈಲ್‌ನ್ಯಾಗ ತಗದ ಮಗಳ ಲಗ್ನದ ವಿಡಿಯೋ ಸರಿ ಮಾಡಾಕ ನನ್ನ ಕಡೆ ತಂದಿದ್ರು. ಅದು ಕನ್ನಡ್ಯಾಗ ಕಂಡಂಗ ಉಲ್ಟಾ ಇತ್ತು, ಎಡಕಿನ ಮೂಲ್ಯಾಗ ಬ್ಯಾಡಾದ ತಾರೀಖೂ ಮೂಡಿತ್ತು. ನಾ ಎಫ್‌ಎಫ್‌ಎಂಪೆಗ್ ಅನ್ನೂ ವಿಡಿಯೋ ತಿದ್ದೂ ಸಾಫ್ಟ್‌ವೇರಿಗೆ ಒಂದ ಸಾಲಿನ್ಯಾಗ ಎರಡು ಫಿಲ್ಟರ್ ಪೋಣಿಸಿದೆ: ಮದಲ ಚಿತ್ರ ತಿರುವು, ಆಮ್ಯಾಲ ಎಡಕಿನ ಮೂಲಿ ಮಬ್ಬು ಮಾಡು. ಅದು ಹೇಳಿದ ಸರತಿ ಪ್ರಕಾರನ ಮಾಡತೈತಿ. ಚಿತ್ರ ತಿರುಗಿದ ಕೂಡ್ಲೆ ತಾರೀಖು ಬಲಕ್ಕ ಹೋತು. ಮದುಮಗಳ ಹಿಂದ ಬಲಕ್ಕ ನಿಂತಿದ್ದ ಸೋದರಮಾವ ಎಡಕಿನ ಮೂಲಿಗೆ ಬಂದ್ರು. ಮಬ್ಬು ಅವರ ಮಾರಿಗೆ ಬಡೀತು.

ನಾ ಹಾಕಿ ನೋಡದ ಒಯ್ದು ಕೊಟ್ಟಿದ್ದೆ; ಇದು ನನಗ ಗೊತ್ತಾಗಿದ್ದು ಅವರ ಮನಿ ಟಿವ್ಯಾಗ, ಮಂದಿ ತುಂಬಿದ ಪಡಸಾಲ್ಯಾಗ. ಆ ಸೋದರಮಾವನೋರು ಹಳೇ ಪೈಲ್ವಾನ್ರು, ನನ್ನ ಬಾಜೂಕ ಕುಂತು ಹೆಗಲ ಮ್ಯಾಲ ಕೈ ಇಟ್ಟಿದ್ರು.

"ನಮ್ಮಣ್ಣನ ಮಾರಿ ಎಲ್ಲೈತ್ರಿ?" ಮದುಮಗಳ ತಾಯಿ ಒದರಿದ್ರು. "ನಾಳಿಗೆ ಸರಿ ಮಾಡಿ ತರ್ರಿ!"

ಮಾವನೋರು ನನ್ನ ಹಿತ್ತಲಕ್ಕ ಕರಕೊಂಡು ಹೋದ್ರು. ನಾ ನಾಲಿಗಿಲೆ ಹಲ್ಲು ಒಮ್ಮೆ ಮುಟ್ಟಿ ನೋಡಿಕೊಂಡೆ.

"ಅಕ್ಕಿಕಾಳು ಬೀಳುಮುಂದ ನಾ ಸಣ್ಣ ಹುಡುಗರಗತೆ ಅತ್ತಿದ್ದೆ," ಅಂದ್ರು ಸಣ್ಣ ದನಿಲೆ. "ಈಗ ಮಂದಿಗೆ ಕಾಣಂಗಿಲ್ಲಲ್ಲ? ಹಂಗ ಇರ್ಲಿ. ಸರಿ ಮಾಡಿದ್ರ ಕಾಲ ಮುರೀತೇನಿ ನೋಡ್ರಿ."

ಎರಡು ತಿಂಗಳಾತು. ಮದುಮಗಳ ತಾಯಿ ಫೋನ್ ಮಾಡಿದಾಗೆಲ್ಲ ಕಂಪ್ಯೂಟರ್ ಕೆಟ್ಟೈತ್ರಿ ಅಂತೇನಿ. ಇಷ್ಟು ದಿನ ಕೆಟ್ಟು ಕುಂತ ಕಂಪ್ಯೂಟರ್ ಬೈಲಹೊಂಗಲದಾಗ ಇನ್ನೊಂದಿಲ್ಲ.