ಬಸುರಿಲ್ಲದ ಬಾಣಂತನ

ಈಚೆಗೆ ಒಂದು ಸಭೆಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು ನನ್ನನ್ನು ಕೇಳಿದಳು. ಬರೆಯುವವರನ್ನು, ಚಿತ್ರ ಬಿಡಿಸುವವರನ್ನು, ಶಾಸನ ಓದುವವರನ್ನು ಒಂದು ಒಳ್ಳೆಯ ಮನೆಯಲ್ಲಿ ಕೂಡಿಸಿ, ಹೊತ್ತುಹೊತ್ತಿಗೆ ಊಟ ಹಾಕಿ, 'ನಿಮ್ಮ ಕೆಲಸ ನೀವು ಮಾಡಿಕೊಳ್ಳಿ' ಎಂದು ಬಿಟ್ಟುಬಿಡುವ ಫೆಲೋಶಿಪ್ಪುಗಳು ಈಗ ಬಂದಿವೆಯಲ್ಲ, ನಿಮ್ಮ ಕಾಲದಲ್ಲಿ ಅಂಥದ್ದೇನಾದರೂ ಇತ್ತೇ ಎಂದು. 'ಇತ್ತಮ್ಮ, ನನಗೆ ಸಿಕ್ಕಿತ್ತು' ಎಂದೆ. ಯಾರು ಕೊಟ್ಟರು ಎಂದಳು. 'ನಮ್ಮ ದೊಡ್ಡವ್ವ' ಎಂದೆ. ಸಭೆಯೆಲ್ಲ ನಕ್ಕಿತು. ನಾನೇನೂ ತಮಾಷೆ ಮಾಡಿರಲಿಲ್ಲ.

ಗಂಡಸರಿಗೆ ಆಗಲೂ ಅಂಥದ್ದು ಇದ್ದೇ ಇತ್ತು. ಸಂಗೀತದವರನ್ನು ಸಾಹುಕಾರರು ಮನೆಯಲ್ಲೇ ಇಟ್ಟುಕೊಂಡು ಸಾಕುತ್ತಿದ್ದರು. ಪಂಡಿತರಿಗೆ ಮಠಗಳಿದ್ದವು. ಕೊರವಂಗಲದ ಗುಡಿಯ ವಿಗ್ರಹಗಳ ಚಿತ್ರ ಬರೆಯಲು ಬಂದಿದ್ದ ಒಬ್ಬರನ್ನು ಆ ಊರಿನವರು ಮನೆಗೊಂದು ದಿನ ಊಟ ಹಾಕಿ ಇಡೀ ಬೇಸಗೆ ನೋಡಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಅವರು ಗುಡಿಯ ನೆರಳಲ್ಲಿ ಕಾಲು ಚಾಚಿ ಕೂತು ಗೆರೆ ಎಳೆಯುತ್ತಿದ್ದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಅವರ ಚಿತ್ರ ನೋಡಿ ಉರಿದದ್ದಲ್ಲ, ಆ ಚಾಚಿದ ಕಾಲು ನೋಡಿ. ಹೆಂಗಸಾದವಳು ಹಗಲುಹೊತ್ತಿನಲ್ಲಿ ಹಾಗೆ ಕಾಲು ಚಾಚುವುದು ಬಾಣಂತನದಲ್ಲಿ ಮಾತ್ರ.

ಆಗ ಯುದ್ಧದ ಕಾಲ. ನಾವು ಹಾಸನದಲ್ಲಿದ್ದೆವು. ಯಜಮಾನರು ಹೈಸ್ಕೂಲಿನಲ್ಲಿ ಮೇಷ್ಟರು. ಎರಡು ಸಣ್ಣ ಮಕ್ಕಳು, ಮನೆಯಲ್ಲಿ ಅತ್ತೆ. ನಾನೊಂದು ಕಾದಂಬರಿ ಹಿಡಿದು ಕೂತಿದ್ದೆ. ನನ್ನ ತವರು ಹೊಳೆನರಸೀಪುರದಲ್ಲಿ ಒಂದೇ ಮನೆಗೆ ಸೊಸೆಯರಾಗಿ ಬಂದ ಮೂವರು ಹೆಂಗಸರ ಕಥೆ ಅದು. ಬರೆಯುತ್ತಿದ್ದೆ ಅನ್ನುವುದಕ್ಕಿಂತ ಹರಿದುಹಾಕುತ್ತಿದ್ದೆ ಅಂದರೆ ಸರಿ. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಕಾಗದ ತೆಗೆಯುವುದು, ನಿನ್ನೆ ಬರೆದದ್ದನ್ನು ಓದುವುದು, ಥೂ, ಇದೂ ಒಂದು ಬರವಣಿಗೆಯೇ ಎಂದು ಸಿಟ್ಟು ನೆತ್ತಿಗೇರುವುದು, ಪರ್ರನೆ ಹರಿಯುವುದು. ಮತ್ತೆ ಮೊದಲಿನಿಂದ. ಮೂರು ಸಲ ಶುರುಮಾಡಿ ಮೂರು ಸಲವೂ ಮೊದಲನೇ ಸೊಸೆ ಅಕ್ಕಿಯ ಸೇರು ಒದ್ದು ಒಳಗೆ ಬರುವುದರೊಳಗೆ ನಿಲ್ಲಿಸಿದ್ದೆ.

ಒಂದು ದಿನ ಹೀಗೆ ಹರಿಯುತ್ತ ಕೂತಿದ್ದಾಗ ಒಲೆಯ ಮೇಲಿನ ಹಾಲೆಲ್ಲ ಉಕ್ಕಿಹೋಯಿತು. ಅತ್ತೆ ಬಂದು ನೋಡಿ, 'ಆ ಕಾಗ್ದದ ಮುಂದೆ ಕೂತ್ರೆ ನಿಂಗೆ ಮೈಮ್ಯಾಲೆ ಗ್ಯಾನ ಇರಲ್ಲ' ಅಂದರು. ಅಂದದ್ದು ನಿಜವೇ. ಆದರೆ ನನಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. 'ಬರೋ ಯುಗಾದಿ ಒಳಗೆ ಇದನ್ನ ಮುಗಿಸ್ತೀನಿ. ಮುಗೀಲಿಲ್ವಾ, ಎಲ್ಲಾನೂ ಹಂಡೆ ಒಲೆಗೆ ಹಾಕಿ ಇನ್ನು ಈ ಜನ್ಮದಲ್ಲಿ ಪೆನ್ನು ಮುಟ್ಟಲ್ಲ!' ಎಂದುಬಿಟ್ಟೆ. ಅತ್ತೆ ಒಲೆ ಒರೆಸುತ್ತಾ 'ಆಗ್ಲಿ' ಅಂದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಾನು ಹಟಮಾರಿ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಮುಗಿಯದಿದ್ದರೆ ಖಂಡಿತ ಸುಡುತ್ತಿದ್ದೆ, ಆಮೇಲೆ ಬದುಕೆಲ್ಲ ಬರೆಯುತ್ತಲೂ ಇರಲಿಲ್ಲ.

ಸಂಕ್ರಾಂತಿಗೆ ದೊಡ್ಡವ್ವ ಎಳ್ಳು ಹಿಡಿದುಕೊಂಡು ಬಂದಳು. ಅವಳು ನನ್ನ ತಾಯಿಯ ಅಕ್ಕ. ತಾಯಿ ನಾನು ಚಿಕ್ಕವಳಿದ್ದಾಗಲೇ ಹೋಗಿಬಿಟ್ಟಿದ್ದಳು. ನನ್ನ ಎರಡು ಬಾಣಂತನವನ್ನೂ ಚನ್ನರಾಯಪಟ್ಟಣದ ತನ್ನ ಮನೆಯಲ್ಲಿ ದೊಡ್ಡವ್ವನೇ ಮಾಡಿದ್ದಳು. ಅವಳಿಗೆ ಮಕ್ಕಳಾಗಲಿಲ್ಲ. ಎರಡೂ ಕಡೆಯ ನೆಂಟರಲ್ಲಿ ತಾಯಿಯಿಲ್ಲದ ಹುಡುಗಿ ಯಾರು ಬಸುರಾದರೂ ಅವಳ ಮನೆಗೇ ಬರುತ್ತಿದ್ದರು. ಹರಿದ ಕಾಗದದ ವಿಷಯವನ್ನೂ ಹಂಡೆ ಒಲೆಯ ವಿಷಯವನ್ನೂ ಕೇಳಿದವಳು ಸೀದಾ ಅತ್ತೆಯ ಮುಂದೆ ಹೋಗಿ ಕೂತಳು.

'ಇವಳ್ನ ಬಾಣಂತನಕ್ಕೆ ಕರ್ಕಂಡ್ ಓಯ್ತೀನಿ ಬೀಗ್ತಿ.'

ಅತ್ತೆ ನನ್ನ ಹೊಟ್ಟೆ ನೋಡಿದರು, ಮುಖ ನೋಡಿದರು. 'ಬಸ್ರೇ ಇಲ್ದೆ ಬಾಣಂತನವಾ? ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸಿದ್ರು ಅಂದಂಗಾಯ್ತು.'

'ಕೂಸು ಒಟ್ಟೇಲಿಲ್ಲ, ತಲೇಲೈತೆ. ಮೂರು ಸತಿ ಜಾರೋಯ್ತು. ಮುದ್ದೆ ತೊಳಸ್ಕಂಡು, ಮುಸುರೆ ತಿಕ್ಕಂಡು, ನಿಂತ್ಕಂಡೇ ಎರು ಅಂದ್ರೆ ಯಾವಳು ಎತ್ತಾಳು, ನೀವೇ ಏಳಿ.'

ಅತ್ತೆ ಬೇಡ ಅನ್ನುತ್ತಾರೆ ಎಂದೇ ನಾನು ಕಾದಿದ್ದೆ. ಅವರು, 'ಯುಗಾದಿಗೆ ಕಳಿಸ್ಬಿಡಿ. ಮಕ್ಕಳು ನನ್ ತಾವೇ ಇರ್ಲಿ, ಅವೂ ಅಲ್ಲಿಗೆ ಬಂದ್ರೆ ಇವಳು ಬರ್ದಂಗೇ' ಅಂದರು. ಆ ವಯಸ್ಸಿನಲ್ಲಿ ಎರಡು ಪೋರಗಳನ್ನು ಕಟ್ಟಿಕೊಂಡು ಒಲೆಯ ಮುಂದೆ ನಿಲ್ಲುವುದು ಹುಡುಗಾಟವಲ್ಲ. ಅವರನ್ನು ನೆನೆದಾಗಲೆಲ್ಲ ಇವತ್ತಿಗೂ ಕೈ ಮುಗಿಯುತ್ತೇನೆ.

ಚನ್ನರಾಯಪಟ್ಟಣದಲ್ಲಿ ದೊಡ್ಡಪ್ಪನದು ಕೊಬ್ಬರಿ ವ್ಯಾಪಾರ. ಮುಂದೆ ಅಂಗಡಿ, ಹಿಂದೆ ಮನೆ, ಮನೆಯ ಮೇಲೆಲ್ಲ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ನನ್ನ ಮಕ್ಕಳು ಹುಟ್ಟಿದ ಕೋಣೆಯಲ್ಲೇ ದೊಡ್ಡವ್ವ ನನ್ನನ್ನು ಕೂಡಿಸಿದಳು. ಬರೀ ಕೂಡಿಸಿ ಬಿಡುತ್ತಾಳೆ ಅಂದುಕೊಂಡಿದ್ದೆ. ಅಯ್ಯೋ ಶಿವನೇ! ಬೆಳಿಗ್ಗೆ ಎದ್ದರೆ ಎಣ್ಣೆ ಹಚ್ಚಿ ಸುಡುಸುಡು ನೀರು, ಆಮೇಲೆ ತಲೆಗೆ ಸಾಂಬ್ರಾಣಿ ಹೊಗೆ, ಕಿವಿಗೆ ಬಟ್ಟೆ. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ಮಧ್ಯೆ ಮಧ್ಯೆ ಕೊಬ್ಬರಿ ಹಾಕಿದ ಅಂಟಿನುಂಡೆ. ಬದನೆಕಾಯಿ ಕೂಡದು, ತಣ್ಣೀರು ಕೂಡದು. 'ದೊಡ್ಡವ್ವ, ನಾನೇನೂ ಹೆತ್ತಿಲ್ಲ ಕಣೇ' ಎಂದರೆ, 'ಕೂತು ಕೂತು ಸೊಂಟ ಇಡ್ಕಂಡೈತೆ ಅಂತ ನೀನೇ ಅಂದೆಯಲ್ಲ. ಸೊಂಟಕ್ಕೇನ್ ಗೊತ್ತಾಯ್ತದೆ ಎತ್ತಿದ್ದು ಕೂಸೋ ಕಾಗ್ದವೋ?' ಅನ್ನುವಳು. ಬಾಗಿಲಲ್ಲಿ ಬೇವಿನ ಸೊಪ್ಪು ಸಿಕ್ಕಿಸಿ ಪೊರಕೆಯನ್ನೂ ಇಟ್ಟಿದ್ದಳು. ಅದನ್ನು ದಾಟಿ ಯಾರೂ ಬರುವಂತಿಲ್ಲ. ಪಕ್ಕದ ಮನೆಯಾಕೆ ಬಾಣಂತಿಯನ್ನು ಮಾತಾಡಿಸಲು ಬಂದು 'ಮಗು ಎಲ್ಲಿ?' ಅಂದದ್ದಕ್ಕೆ ದೊಡ್ಡವ್ವ ಅಲುಗದೆ, 'ಇನ್ನೂ ಒಳಗೇ ಐತೆ ಕಣವ್ವ, ಆಮ್ಯಾಕ್ ಬಾ' ಅಂದು ಕಳಿಸಿದಳು.

ಜಗಳವಾದದ್ದು ಒಂದೇ ವಿಷಯಕ್ಕೆ. ಮೊದಲ ದಿನ ಸಂಜೆ ನಾನು ಬರೆದ ಹಾಳೆಗಳನ್ನೆಲ್ಲ ಬಾಚಿಕೊಂಡಳು, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟದ ಮೇಲಿನ ಟ್ರಂಕಿಗೆ ಹಾಕಿದಳು, ಇಳಿದು ಏಣಿಯನ್ನೂ ತೆಗೆದುಬಿಟ್ಟಳು. 'ಯಾಕೆ ತಗೊಂಡೆ? ನಾಳೆ ನಾನು ಓದಬೇಕು' ಎಂದೆ.

'ಬಾಣಂತಿ ಓದ್ಬಾರ್ದು. ಕಣ್ ಓಯ್ತವೆ.'

'ಮತ್ತೆ ಬರೀಬಹುದಾ?'

'ಬರೀಬಾರ್ದು ಅಂತ ಯಾರೂ ಏಳಿಲ್ಲ. ನಮ್ ಕಾಲ್ದಲ್ಲಿ ಯಾವ ಬಾಣಂತಿ ಬರೀತಿದ್ಲು, ಬ್ಯಾಡ ಅನ್ನಕ್ಕೆ?'

ನಾನು ಕೂಗಾಡಿದೆ. ನಿನ್ನೆಯದನ್ನು ನೋಡದೆ ಇವತ್ತಿನದು ಬರೆಯುವುದು ಹೇಗೆ, ನಿನಗೇನು ಗೊತ್ತು ಬರೆಯುವುದರ ಕಷ್ಟ, ಎಂದೆಲ್ಲ ಅಂದೆ. ಅವಳು ಅಟ್ಟದ ಕಡೆ ಕೈ ತೋರಿಸಿದಳು. 'ಆ ಕಾಯಿ ವರ್ಸೊಪ್ಪತ್ತು ಅಲ್ಲೇ ಬಿದ್ದಿರ್ಬೇಕು ಕೊಬ್ರಿ ಆಗಕ್ಕೆ. ದಿನಕ್ಕೊಂದು ಒಡ್ದು ಒಣಗೈತಾ ಇಲ್ವಾ ಅಂತ ನೋಡ್ತಾ ಕೂತಿದ್ರೆ ನಿಮ್ ದೊಡ್ಡಪ್ಪ ಯಾಪಾರ ಮಾಡ್ದಂಗೇ. ಎತ್ತೋರ್ಗೆ ಎಗ್ಗಣ ಮುದ್ದು ಅಂತಾರೆ, ನೀನ್ ನೋಡಿದ್ರೆ ದಿನಾ ಬೆಳಿಗ್ಗೆ ಕೂಸಿನ ಮಕ ನೋಡಿ ಕತ್ತು ಇಸುಕ್ತೀಯ!'

ಮಾರನೆಯ ದಿನ ಅವಳ ಮೇಲಿನ ಸಿಟ್ಟಿಗೆ ಒಂದು ಸಾಲೂ ಬರೆಯಲಿಲ್ಲ. ಅವಳು ಎಂದಿನಂತೆ ಅಂಟಿನುಂಡೆ ಇಟ್ಟು ಹೋದಳು. ಮೂರನೆಯ ದಿನ ಹರಿಯುವುದಕ್ಕೆ ಕೈಯಲ್ಲಿ ಏನೂ ಇರಲಿಲ್ಲವಾದ್ದರಿಂದ ಮುಂದಕ್ಕೆ ಬರೆದೆ. ಮೊದಲನೇ ಸೊಸೆ ಹೊಸ್ತಿಲು ದಾಟಿ ಒಳಗೆ ಬಂದಳು. ಬಂದವಳು ಅಡಿಗೆಮನೆ ಹೊಕ್ಕಳು, ಜಗಳ ಆಡಿದಳು, ಹೆತ್ತಳು. ಎರಡನೆಯವಳೂ ಬಂದಳು. ಬರೆದದ್ದೆಲ್ಲ ದಿನಾ ಸಂಜೆ ಅಟ್ಟ ಸೇರುತ್ತಿತ್ತು. ಓದಬಾರದು ಎಂಬ ಆ ಒಂದು ಕಟ್ಟಳೆಯೇ ನನ್ನ ಪುಸ್ತಕವನ್ನು ಉಳಿಸಿತು. ದೊಡ್ಡವ್ವ ಇದನ್ನು ಬೇಕೆಂದೇ ಮಾಡಿದಳೋ, ಬಾಣಂತನದ ನೇಮವೆಂದು ಮಾಡಿದಳೋ, ಎಷ್ಟು ಸಲ ಕೇಳಿದರೂ 'ಬಾಣಂತಿ ಓದ್ಬಾರ್ದು, ಅಷ್ಟೇಯ' ಎಂಬ ಒಂದೇ ಉತ್ತರ. ಒಳಗೆ ಏನು ಬರೆದಿದ್ದೀಯ ಎಂದು ಮಾತ್ರ ಅವಳು ಒಂದು ದಿನವೂ ಕೇಳಲಿಲ್ಲ.

ನಡುವೆ ಒಂದು ಭಾನುವಾರ ಯಜಮಾನರು ಬಸ್ಸಿನಲ್ಲಿ ಬಂದರು. ಪೊರಕೆಯ ಆಚೆಯೇ ಅವರನ್ನು ನಿಲ್ಲಿಸಲಾಯಿತು. ಮಕ್ಕಳು ಚೆನ್ನಾಗಿದ್ದಾರೆ ಎಂದು ಹೇಳಿ, 'ಅಮ್ಮ ಹೇಳಿ ಕಳಿಸಿದ್ದಾರೆ, ಮುಗಿಸದೆ ಬರಬೇಡ ಅಂತ. ಹಂಡೆ ಒಲೆಗೆ ನಮ್ಮನೇಲಿ ತೆಂಗಿನ ಮಟ್ಟೆ ಬೇಕಾದಷ್ಟಿದೆಯಂತೆ' ಅಂದರು. ನನಗೆ ನಗುವೂ ಬಂತು, ಅಳುವೂ ಬಂತು.

ಶಿವರಾತ್ರಿ ಕಳೆದ ಮೇಲೆ ಹಳೇಕೋಟೆಯಿಂದ ಒಂದು ಗಾಡಿ ಬಂತು. ದೊಡ್ಡಪ್ಪನ ತಮ್ಮನ ಮಗಳು, ಅವಳೂ ತಾಯಿಯಿಲ್ಲದವಳು, ತುಂಬಿದ ಬಸುರಿ. ಯುಗಾದಿ ಆದ ಮೇಲೆ ಹೆರಿಗೆ ಎಂದಿದ್ದರು. ಗಾಡಿಯ ಕುಲುಕಾಟಕ್ಕೋ ಏನೋ, ಬಂದ ಮಾರನೆಯ ದಿನವೇ ನೋವು ಶುರುವಾಗಿ ಹೆಣ್ಣುಮಗು ಹುಟ್ಟಿತು. ಕೋಣೆ ನಿಜವಾದ ಬಾಣಂತಿಗೆ ಹೋಯಿತು. ನಾನು ಕಾಗದ ಎತ್ತಿಕೊಂಡು ಪಡಸಾಲೆಗೆ ಬಂದೆ. ಅಲ್ಲಿ ಕೊಬ್ಬರಿ ಮೂಟೆ, ದರಕ್ಕೆ ಕೂಗಾಡುವ ಗಿರಾಕಿಗಳು, ತಕ್ಕಡಿಯ ಸದ್ದು. ಮೂರನೇ ಸೊಸೆಯ ಕಥೆ ಅರ್ಧಕ್ಕೆ ನಿಂತಿತ್ತು. ಎರಡು ದಿನ ಒಂದಕ್ಷರ ಬರಲಿಲ್ಲ. ಮುಗಿಯಿತು ನನ್ನ ಕಥೆ, ಇನ್ನು ಹಂಡೆ ಒಲೆಯೇ ಗತಿ ಎಂದು ಗೋಡೆಗೆ ಒರಗಿದೆ. ಹುಟ್ಟಿ ಎರಡು ದಿನವಾದ ಹಸುಗೂಸಿನ ಮೇಲೆ ನನಗೆ ಕೆಂಡದಂಥ ಕೋಪ!

ದೊಡ್ಡವ್ವ ನೋಡಿದಳು. 'ಇಲ್ಯಾಕೆ ಕುಕ್ಕರಿಸ್ಕಂಡಿದೀಯ? ನಡಿ ಒಳೀಕೆ. ಒಂದು ಕೋಣೇಲಿ ಇಬ್ರು ಬಾಣಂತೀರು ಇರ್ಬಾರ್ದು ಅಂತ ಏನೈತೆ?' ನಮ್ಮವರಲ್ಲಿ ಹೆರಿಗೆಯ ಮೈಲಿಗೆ ನೋಡುವುದಿಲ್ಲವಾದ್ದರಿಂದ ಅಡ್ಡಿಯೇನೂ ಇರಲಿಲ್ಲ. ಒಂದು ಹಳೇ ಸೀರೆಯನ್ನು ಅಡ್ಡ ಕಟ್ಟಿ ಕಿಟಕಿಯ ಕಡೆಯ ಭಾಗ ನನಗೆ ಕೊಟ್ಟಳು. ಆದರೆ ಆ ಹುಡುಗಿಗೆ ಜ್ವರ, ನಿತ್ರಾಣ. ಅವಳು ಕಣ್ಣು ಮುಚ್ಚಿದರೆ ಮಗು ಅಳುವುದು. ದೊಡ್ಡವ್ವನಿಗಿರುವುದು ಎರಡೇ ಕೈ. ಅವಳು ತೊಟ್ಟಿಲ ಹಗ್ಗವನ್ನು ಸೀರೆಯ ಅಡಿಯಿಂದ ಎಳೆದು ತಂದು ನನ್ನ ಕಾಲಿನ ಹೆಬ್ಬೆರಳಿಗೆ ಕಟ್ಟಿದಳು.

'ಇದೇನೇ ಇದು!' ಎಂದೆ.

'ಬರಿಯೋದು ಕೈ ತಾನೆ? ಕಾಲು ಸುಮ್ಕೆ ಕೂತೈತಲ್ಲ.'

ಅಲ್ಲಿಗೆ ನಾನು ಕಾಲು ಚಾಚಿದ್ದೂ ಆಯಿತು, ಅದಕ್ಕೊಂದು ಕೆಲಸ ಬಿದ್ದದ್ದೂ ಆಯಿತು. ಪೆನ್ನು ನಡೆದರೆ ಕಾಲೂ ನಡೆಯುತ್ತಿತ್ತು. ನಾನು ಯೋಚನೆ ಮಾಡುತ್ತ ಕೂತರೆ ಕಾಲು ನಿಲ್ಲುತ್ತಿತ್ತು, ಕಾಲು ನಿಂತರೆ ಮಗು ಅಳುತ್ತಿತ್ತು, ಮಗು ಅತ್ತರೆ ದೊಡ್ಡವ್ವ ಅಡಿಗೆಮನೆಯಿಂದಲೇ 'ಬರಿಯೇ!' ಎಂದು ಕೂಗುತ್ತಿದ್ದಳು. ಅಷ್ಟು ಬಿರುಸಾಗಿ ನಾನು ಮತ್ತೆಂದೂ ಬರೆಯಲಿಲ್ಲ. ಆ ಕಾದಂಬರಿ ಮುಂದೆ ಅಚ್ಚಾದಾಗ, ಮೂರನೇ ಸೊಸೆಯ ಭಾಗದಲ್ಲಿ ಒಳ್ಳೆಯ ಲಯವಿದೆ ಎಂದು ಓದಿದವರು ಹೊಗಳಿದರು. ಲಯ ಯಾರದು ಎಂದು ನಾನು ಹೇಳಲು ಹೋಗಲಿಲ್ಲ.

ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗಲೇ ಒಂದು ಮಧ್ಯಾಹ್ನ 'ಮುಗೀತು' ಎಂದೆ. ದೊಡ್ಡವ್ವ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ನನ್ನ ಕೆನ್ನೆ ನೀವಿ ನೆಟಿಕೆ ಮುರಿದಳು. 'ನಾಳೆ ಕಡೇ ನೀರು ಉಯ್ದು ಕಳಿಸ್ತೀನಿ' ಅಂದಳು.

ಮಾರನೆಯ ಬೆಳಿಗ್ಗೆ ಬಚ್ಚಲಲ್ಲಿ ಮೊದಲು ಆ ಹುಡುಗಿಗೆ, ಆಮೇಲೆ ನನಗೆ, ಹಂಡೆ ಬರಿದಾಗುವ ತನಕ ನೀರು ಹಾಕಿದಳು. ಅವಳ ಸೀರೆಯೆಲ್ಲ ನೆನೆದಿತ್ತು, ಬಿಸಿನೀರಿಗೆ ಕೈ ಕೆಂಪಗಾಗಿತ್ತು. ತಲೆ ಒರೆಸುತ್ತಿದ್ದವಳನ್ನು ಸುಮ್ಮನೆ ಕೇಳಿದೆ. 'ದೊಡ್ಡವ್ವ, ನಿಂಗೆ ಯಾವತ್ತಾದ್ರೂ ಯಾರಾದ್ರೂ ಹಿಂಗೆ ನೀರು ಹಾಕಿದ್ರಾ?'

'ನಂಗ್ಯಾಕ್ ಆಕ್ತಾರೆ? ನಾನೇನ್ ಎತ್ತಿದೀನಾ?' ಕೊಬ್ಬರಿಯ ದರ ಹೇಳುವವಳ ಹಾಗೆ ಹೇಳಿ ಬಟ್ಟೆ ಹಿಂಡಿದಳು.

ನಾನು ಹೊರಗೆ ಬಂದು ಸೀರೆ ಸುತ್ತಿಕೊಂಡೆ. ಹಂಡೆಗೆ ನೀರು ತುಂಬಿದೆ, ಒಲೆಗೆ ನಾನೇ ತೆಂಗಿನ ಮಟ್ಟೆ ಹಾಕಿ ಉರಿ ಮಾಡಿದೆ. ನೀರು ಕುದಿಯಲು ಬಂದಾಗ ಎಣ್ಣೆಯ ಗಿಂಡಿ ಹಿಡಿದು ಅವಳ ಮುಂದೆ ನಿಂತೆ. 'ಬಾ, ಕೂತ್ಕೋ.'

'ಉಚ್ಚು ಕಣೇ ನಿಂಗೆ. ಗಾಡಿಗೆ ಒತ್ತಾಯ್ತು, ಒಲೆ ಮ್ಯಾಲೆ ಎಸರೈತೆ.'

'ಹಾಸನದಲ್ಲಿರೋ ನನ್ನ ಎರಡು ಯಾರ ಮನೇಲಿ ಹುಟ್ಟಿದ್ದು? ಆ ತೊಟ್ಟಿಲಲ್ಲಿರೋದು? ಟ್ರಂಕಿನಲ್ಲಿರೋದು? ಕೂತ್ಕೋ ಅಂದ್ರೆ ಕೂತ್ಕೋ!' ನನಗೆ ಕೋಪವೇ ಬಂದಿತ್ತು, ಕಣ್ಣಲ್ಲಿ ನೀರೂ ಬಂದಿತ್ತು.

ಅವಳು ಬಾಗಿಲ ಕಡೆ ನೋಡಿದಳು, ಒಲೆಯ ಕಡೆ ನೋಡಿದಳು. ಕೊನೆಗೆ ಮಣೆಯ ಮೇಲೆ ಕೂತಳು, ಹೊಸ ಮನೆಗೆ ಬಂದ ಹುಡುಗಿಯ ಹಾಗೆ ಮುದುರಿಕೊಂಡು. ನೆತ್ತಿಗೆ ಎಣ್ಣೆ ಒತ್ತಿದೆ. ಬೆನ್ನು ತಿಕ್ಕಿದೆ. ಚೊಂಬಿನ ಮೇಲೆ ಚೊಂಬು ಬಿಸಿನೀರು ಹುಯ್ದೆ. ಅವಳ ಹೆಗಲು ನಿಧಾನವಾಗಿ ಇಳಿಯಿತು, ಕಾಲು ತಾನಾಗಿ ಮುಂದಕ್ಕೆ ಚಾಚಿಕೊಂಡಿತು. ಇಷ್ಟು ಸಾಕೇನೋ ಎಂದು ನಾನು ಚೊಂಬು ಕೆಳಗಿಟ್ಟೆ.

ಯಾರನ್ನೂ ಏನನ್ನೂ ಕೇಳಿದವಳಲ್ಲ ನಮ್ಮ ದೊಡ್ಡವ್ವ. ಮುಚ್ಚಿದ ಕಣ್ಣು ತೆರೆಯದೆ, ಮೆಲ್ಲಗೆ, 'ಇನ್ನೊಂದ್ ಚೊಂಬು ಉಯ್ಯೇ' ಅಂದಳು.